ಸುಣ್ಣದ ಗೆರೆಯ ಈಚೆ

ಕುಳಗೇರಿ ಕ್ರಾಸ್
ತಾ. ಬಾದಾಮಿ, ಜಿ. ವಿಜಾಪುರ
೧೧-೬-೧೯೮೪

ಚಿ. ಸೌ. ಸಿದ್ದಲಿಂಗವ್ವಳಿಗೆ ಅಪ್ಪನ ತುಂಬು ಮನಸ್ಸಿನ ಆಶೀರ್ವಾದಗಳು.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಇತ್ತ ಇರುವವರೇ ಇಬ್ಬರು, ನಾನು ಮತ್ತು ನಿನ್ನ ತಮ್ಮ ಮಾಂತೇಶ. ಇಬ್ಬರಲ್ಲಿ ಒಂದೂವರೆ ಕ್ಷೇಮ ಅಂತ ತಿಳಿದುಕೋ. ಕಡಿಮೆಯಾದ ಅರ್ಧ ಯಾರದು ಎಂಬುದನ್ನು ಆಮೇಲೆ ಹೇಳುತ್ತೇನೆ. ನಿನ್ನ ಕಾಗದ ಬಂದು ಇಪ್ಪತ್ತಾರು ದಿನವಾಯಿತು. ಹೋಟೆಲಿನ ಗದ್ದಲದಲ್ಲಿ ಉತ್ತರ ತಡವಾಯಿತು ಅಂತ ಬರೆದರೆ ನೀನು ನಂಬುತ್ತಿದ್ದಿ. ಆದರೆ ಖರೆ ಸಂಗತಿ ಬೇರೆ. ಕಾಗದದ ಜೊತೆ ಅಳಿಯಂದಿರು ಇಟ್ಟು ಕಳಿಸಿದ ಆಶ್ರಮದ ಫಾರ್ಮನ್ನು ದಿನಕ್ಕೆರಡು ಸಲ ಬಿಚ್ಚಿ ಓದಿ, ಮತ್ತೆ ಮಡಚಿ ಇಡುವುದರಲ್ಲೇ ಇಷ್ಟು ದಿನ ಹೋದವು. ಮಡಚಿದ ಕಡೆ ಅದು ಹರಿಯಲು ಶುರುವಾಗಿದೆ.

ಫಾರ್ಮು ಚಲೋ ಇದೆ. ಮಾಂತುವಿನಂಥವರನ್ನು ಕೊನೆತನಕ ನೋಡಿಕೊಳ್ಳುತ್ತಾರಂತೆ. ಊಟ, ಬಟ್ಟೆ, ಪ್ರಾರ್ಥನೆ ಎಲ್ಲ ಬರೆದಿದೆ. ಹಿಂಬದಿಗೆ, 'ಎಂಟು ಅಡಿ ಎತ್ತರದ ಕಂಪೌಂಡು ಇರುವುದರಿಂದ ಪಾಲಕರಿಗೆ ಚಿಂತೆಯಿಲ್ಲ' ಎಂದೂ ಅಚ್ಚು ಹಾಕಿಸಿದ್ದಾರೆ. ಜುಲೈ ಮೂವತ್ತೊಂದರೊಳಗೆ ನನ್ನ ಸಹಿ ಬೇಕು. ಅಳಿಯಂದಿರು ಕೆಟ್ಟ ಮನಸ್ಸಿನಿಂದ ಕಳಿಸಿಲ್ಲ ಎಂದು ನನಗೆ ಗೊತ್ತು. ನನ್ನ ನಂತರ ಇವನು ಹುನಗುಂದಕ್ಕೆ, ನಿಮ್ಮ ಮನೆಗೆ ಬರುವ ಹಾಗಿಲ್ಲ ಎಂದು ನೀನೇ ಬರೆದಿರುವಾಗ ಅವರಾದರೂ ಏನು ಮಾಡಬೇಕು?

ನಿನ್ನ ಸಿಟ್ಟು ನಾನು ಬಲ್ಲೆ. ನಿನ್ನ ಅವ್ವ ಚಂದವ್ವ ಹೋಗಿ ನಾಲ್ಕು ವರ್ಷವಾಯಿತು. ಆ ದಿನ ಮಣ್ಣಿಗೆ ಒಯ್ಯುವ ಮೊದಲು ಅಂಗಳದಲ್ಲಿ ಅವಳನ್ನು ಕೂರಿಸಿದ್ದಾಗ, ಕೂಡಿದ ಮಂದಿಯ ಮುಂದೆ ನೀನು ಮಾಂತುವಿನ ಕಡೆ ಬೆರಳು ಮಾಡಿ ಅಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಅವ್ವ ಐದ ಹೆಜ್ಜಿ ದೂರ ಬಿದ್ದಿದ್ಲು. ಐದ ಹೆಜ್ಜಿ ಹಾಕಾಕ ಬರಲಿಲ್ಲೇನ ಇವಗ? ನೋಡಕೋತ ನಿಂತಾನ!" ಅಂದೆ. ನಾನು ತಲೆ ತಗ್ಗಿಸಿ ಕೂತಿದ್ದೆ. ಆಮೇಲೆ ನಾಲ್ಕು ಪಂಚಮಿ ಬಂದು ಹೋದವು, ನೀನು ತವರಿನ ಹೊಸ್ತಿಲು ತುಳಿಯಲಿಲ್ಲ. ಜೋಕಾಲಿಯ ಹಗ್ಗ ಅಟ್ಟದ ಮೇಲೆ ಇಲಿಗಳಿಗೆ ಮೀಸಲಾಗಿದೆ.

ಇರಲಿ. ಈಗ ಒಂದು ಹೊಸ ಸುದ್ದಿ, ನಗಬೇಡ. ನಿನ್ನ ತಮ್ಮ ಫುಟ್‌ಬಾಲ್ ಆಡುತ್ತಿದ್ದಾನೆ.

ಬಾಗಲಕೋಟೆಯ ರೈಲ್ವೆಯಲ್ಲಿ ಮುರ್ತುಜಸಾಬ ಅಂತ ಫಿಟ್ಟರ್ ಇದ್ದಾರೆ. ಹರೆಯದಲ್ಲಿ ಹುಬ್ಬಳ್ಳಿಯ ರೈಲ್ವೆ ಟೀಮಿಗೆ ಆಡಿದವರು. ಈಗ ಅವರ ಹೊಟ್ಟೆಯೇ ಒಂದು ಚೆಂಡಿನಷ್ಟಿದೆ. ಹೋದ ತಿಂಗಳು ಬಸ್ಸಿನಿಂದ ನಮ್ಮ ಹೋಟೆಲಿಗೆ ಚಹಾಕ್ಕೆ ಇಳಿದರು. ರಸ್ತೆಯಾಚೆ ನಮ್ಮ ಮನೆಯ ಬಾಗಿಲಲ್ಲಿ ನಿಂತು, ದಿನದ ಹಾಗೆ ಹೋಟೆಲಿನ ಕಡೆ ಕೈ ಬೀಸುತ್ತಿದ್ದ ಮಾಂತುವನ್ನು ನೋಡಿ ಕಪ್ಪು ಕೆಳಗಿಟ್ಟರು.

"ಯಜಮಾನ್ರ, ಆ ಹುಡುಗ ನಿಮ್ಮಾಂವೇನ್ರಿ?"

"ಹೌದ್ರಿ. ಯಾಕ?"

"ರವಿವಾರಕ್ಕೊಮ್ಮೆ ನನಗ ಕೊಡ್ರಿ ಅವನ್ನ."

"ತಗೊಂಡ ಏನ್ ಮಾಡ್ತೀರಿ?"

"ಚೆಂಡ ಒದಿಸ್ತೇನ್ರಿ. ಇಲ್ಲೀತನಾ ಮಂದಿ ಇವ್ರನ್ನ ಒದ್ದಾರ. ಇನ್ನ ಇವ್ರ ಒದೀಲಿ."

ಅವರ ಮಗಳು ನಜಮಾಳಿಗೆ ಹದಿನೈದು ವರ್ಷ. ನಮ್ಮ ಮಾಂತುವಿನದೇ ಮುಖ. ಅದೇ ಓರೆ ಕಣ್ಣು, ಗಿಡ್ಡ ಕುತ್ತಿಗೆ, ಅದೇ ನಗು. ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದರೆ ಅಣ್ಣ-ತಂಗಿ ಅನ್ನಬೇಕು, ಜಾತಿ ಕೇಳುವವರು ಬಾಯಿ ಮುಚ್ಚಬೇಕು. ಮೀರಜಿನ ಡಾಕ್ಟರು ಇದಕ್ಕೆ ಡೌನ್ ಸಿಂಡ್ರೋಮ್ ಎಂದು ಹೆಸರು ಹೇಳಿದರಂತೆ. ಹದಿನೇಳು ವರ್ಷ ನಾನು ಇದಕ್ಕೆ ನನ್ನದೇ ಹೆಸರು ಇಡುತ್ತ ಬಂದಿದ್ದೆ. ಗ್ರಹಣ ಅಂದೆ, ಕರ್ಮ ಅಂದೆ, ಸಿಟ್ಟು ಬಂದಾಗ ನಿನ್ನ ಅವ್ವನ ತವರಿನ ವಂಶ ಅಂದೆ. ಒಂದೂ ಅಲ್ಲವಂತೆ.

ಚೆಂಡು ಮುಟ್ಟಿಸುವ ಮೊದಲು ಮುರ್ತುಜಸಾಬರು ಪ್ರತಿಯೊಬ್ಬರನ್ನೂ ದವಾಖಾನೆಗೆ ಒಯ್ದು ಎದೆ ತೋರಿಸುತ್ತಾರೆ, ಇಂಥವರ ಹೃದಯದಲ್ಲಿ ತೂತು ಇರುವುದುಂಟಂತೆ. ಕುತ್ತಿಗೆಯೂ ಸಡಿಲ, ಅದಕ್ಕೇ ತಲೆಯಿಂದ ಚೆಂಡು ಹೊಡೆಯುವುದು ಪೂರಾ ಬಂದ್. ಡಾಕ್ಟರು ಮಾಂತುವಿನ ಎದೆ ಕೇಳಿ ಗಟ್ಟಿ ಇದೆ ಎಂದರು. ಇವನು ಬಿಡಬೇಕಲ್ಲ! ಆ ನಳಿಗೆಯನ್ನು ಎಳೆದು ನನ್ನ ಎದೆಗೂ ಹಚ್ಚಿಸಿದ. ಡಾಕ್ಟರು ನಕ್ಕು ಕೇಳಲು ಕೂತರು, ಆಮೇಲೆ ನಗು ಬಿಟ್ಟು ಕೇಳಿದರು, ಬಹಳ ಹೊತ್ತು ಕೇಳಿದರು. "ಹುಡುಗ ಓಡಲಿ. ನೀವು ಮಾತ್ರ ಓಡಬ್ಯಾಡ್ರಿ" ಎಂದರು. ಕಡಿಮೆಯಾದ ಆ ಅರ್ಧ ಯಾರದೆಂದು ಈಗ ತಿಳಿಯಿತಲ್ಲ.

ಮೈದಾನ ಬಾಗಲಕೋಟೆಯಲ್ಲಿ ಹೊಳೆಯ ದಂಡೆಗೆ. ಹೇಗೂ ಮುಳುಗಡೆಯಾಗಲಿರುವ ಊರು, ಆಡಲು ಜಾಗ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಒಟ್ಟು ಏಳು ಜನ ಆಟಗಾರರು. ನನಗೆ ಹಾಜರಿ ಪುಸ್ತಕದ ಕೆಲಸ. ಮೂರನೆಯ ಇಯತ್ತೆ ಓದಿದವನಿಗೆ ಇದೇ ದೊಡ್ಡ ಹುದ್ದೆ.

ಅಳಿಯಂದಿರಿಗೂ ಮೊಮ್ಮಕ್ಕಳಿಗೂ ನನ್ನ ನೆನಪು ಹೇಳು.

ನಿನ್ನ ಅಪ್ಪ,
ಅಂದಾನಪ್ಪ

ತಾ.ಕ.: ಈ ವರ್ಷ ಪಂಚಮಿ ಆಗಸ್ಟ್ ಎರಡಕ್ಕೆ ಬಿದ್ದಿದೆ. ಸುಮ್ಮನೆ ತಿಳಿಸಿದೆ.


ಕುಳಗೇರಿ ಕ್ರಾಸ್
೨-೭-೧೯೮೪

ಮಗಳು ಸಿದ್ದಲಿಂಗವ್ವಳಿಗೆ ಅಪ್ಪನ ಆಶೀರ್ವಾದ.

ನಿನ್ನ ಉತ್ತರ ಬರಲಿಲ್ಲ. ಅಂಚೆಯವನ ಮೇಲೆ ಹಾಕುವ ಹಾಗೂ ಇಲ್ಲ, ಅವನು ದಿನಾ ನಮ್ಮಲ್ಲೇ ಚಹಾ ಕುಡಿದು "ಇವತ್ತೂ ಇಲ್ರಿ" ಅಂತ ಹೇಳಿಯೇ ಹೋಗುತ್ತಾನೆ. ಫಾರ್ಮು ಹಾಗೇ ಇದೆ. ಸಹಿ ಮಾಡಲು ಪೆನ್ನು ಎತ್ತಿದರೆ ಆ ಎಂಟು ಅಡಿಯ ಕಂಪೌಂಡು ಕಣ್ಣಿಗೆ ಬರುತ್ತದೆ, ಇಟ್ಟರೆ ಡಾಕ್ಟರ ಮಾತು ನೆನಪಾಗುತ್ತದೆ.

ಆಟದ ಸಂಗತಿ ಕೇಳು. ಇವರಿಗೆ ಕಲಿಸುವ ರೀತಿಯೇ ಬೇರೆ. ಒಂದೇ ಒದೆತ, ನೂರು ಸಲ. ನೂರು ಸಲವೂ ಮುರ್ತುಜಸಾಬರು ಮೊದಲ ಸಲ ಕಂಡವರ ಹಾಗೆ "ಭಲೇ!" ಅನ್ನುತ್ತಾರೆ. ನಾನು ಎಣಿಸಿದ್ದೇನೆ, ಒಂದು ಮುಂಜಾನೆಗೆ ಮುನ್ನೂರ ಹನ್ನೆರಡು ಭಲೇ. ಒಬ್ಬರನ್ನೂ ಬೈದದ್ದಿಲ್ಲ, ಕೈ ಎತ್ತಿದ್ದಂತೂ ಇಲ್ಲವೇ ಇಲ್ಲ. ನಜಮಾ ಯಾರು ಗೋಲು ಹೊಡೆದರೂ ಚಪ್ಪಾಳೆ ಹೊಡೆಯುತ್ತಾಳೆ, ತನ್ನ ಕಡೆಗೇ ಗೋಲಾದರೂ. ತುಳಸಿಗೇರಿಯಿಂದ ಅಮಸಿದ್ದ ಎಂಬ ಹುಡುಗ ತಾಯಿ ಮಾಯವ್ವನ ಜೊತೆ ಬರುತ್ತಾನೆ. ಮೊದಲೆರಡು ವಾರ ಚೆಂಡಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದನೇ ಹೊರತು ಒದೆಯುತ್ತಿರಲಿಲ್ಲ.

"ಬ್ಯಾಸರಾ ಮಾಡ್ಕೋಬ್ಯಾಡ್ರಿ ಸಾಹೇಬ್ರ" ಎಂದಳು ಮಾಯವ್ವ. "ಅಂವಾ ಹತ್ತ ವರ್ಷ ಆಡ ಕಾಯ್ದಾಂವ. ಅದೂ ತಾನ ಎದ್ದ ಓಡತೈತಂತ ಕುಂತಾನ."

"ಕುಂದರ್ಲಿ ಬಿಡವ್ವಾ" ಎಂದರು ಅವರು. "ಚೆಂಡಿಗೇನ್ ಅವಸರ?"

ಮೂರನೆಯ ವಾರಕ್ಕೆ ಅಮಸಿದ್ದ ಎದ್ದು ಒದ್ದ. ಚೆಂಡು ಹೊಳೆಗೆ ಬಿತ್ತು. ಮಾಯವ್ವ ಅತ್ತಳು.

ನಮ್ಮ ಮಾಂತು ಮಾತ್ರ ಮೊದಲ ದಿನದಿಂದಲೇ ಚೆಂಡಿನ ಬೆನ್ನು ಹತ್ತಿದವನು. ಅವನಿಗೆ ಓಡಲು ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹದಿನೇಳು ವರ್ಷದ ಮಗನ ಓಟವನ್ನು ಅಪ್ಪ ಮೊದಲ ಸಲ ನೋಡುವುದೆಂದರೆ ಏನು ಅಂತ ನಾನು ಬರೆಯಲಾರೆ. ಎರಡು ವಾರ ಎಲ್ಲರಿಗಿಂತ ಚಂದ ಆಡಿದ. ಮೂರನೆಯ ವಾರ ಮುರ್ತುಜಸಾಬರು, ಇನ್ನು ಆಟದ ನಿಯಮ ಕಲಿಸೋಣ ಎಂದು, ಸುಣ್ಣದ ಪುಡಿಯಿಂದ ಮೈದಾನಕ್ಕೆ ಗೆರೆ ಹಾಕಿದರು. ಸುತ್ತ ಒಂದು, ನಟ್ಟನಡುವೆ ಒಂದು, ಎರಡೂ ಗೋಲಿನ ಮುಂದೆ ದೊಡ್ಡ ಚೌಕ. ಮಾಂತು ಚೆಂಡು ಒದೆಯುತ್ತ ಓಡಿ ಬಂದವನು ನಡುಗೆರೆಯ ಮುಂದೆ ಒಂದು ಕಾಲು ಎತ್ತಿಕೊಂಡು ನಿಂತ. ಆ ಕಾಲನ್ನು ಹಿಂದಕ್ಕೆ ಇಟ್ಟ. ಚೆಂಡು ಆಚೆ ಹೋಯಿತು, ಇವನು ಹೋಗಲಿಲ್ಲ. ಆಚೆಯಿಂದ ನಜಮಾ "ಮಾಂತಣ್ಣಾ, ಬಾ, ಬಾ" ಎಂದು ಕರೆದಳು. ಇವನು ಎರಡೂ ಕೈ ಚಾಚಿದ, ಕಾಲು ಕೀಳಲಿಲ್ಲ. ಮುರ್ತುಜಸಾಬರು ರಟ್ಟೆ ಹಿಡಿದು ಮೆತ್ತಗೆ ಎಳೆದರೆ ಅಲ್ಲೇ ಕೂತು ಹುಲ್ಲನ್ನು ಗಟ್ಟಿಯಾಗಿ ಹಿಡಿದ.

"ಇದೇನ್ರಿ ಯಜಮಾನ್ರ, ಗೆರಿ ಕಂಡ ಕೂಡ್ಲೆ ಬ್ರೇಕ್ ಹಾಕ್ತಾನ! ನಮ್ಮ ರೈಲ್ವೇದವರಿಗೂ ಇಷ್ಟ ಶಿಸ್ತ ಇಲ್ಲ. ಯಾರ ಕಲಿಸಿದ್ರು?"

"ಹುಟ್ಟಾ ಹಂಗ ಅದಾನ್ರಿ" ಎಂದೆ.

ನಾನು ಕೈ ಹಿಡಿದರೆ ಮಾತ್ರ ದಾಟುತ್ತಾನೆ, ನಮ್ಮ ಮನೆಯ ಬಾಗಿಲಲ್ಲಿ ಹೇಗೋ ಹಾಗೆ. ಒಂದು ವಾರ ಅದನ್ನೂ ಮಾಡಿದೆ. ಐವತ್ತೆಂಟರ ವಯಸ್ಸಿನಲ್ಲಿ ಧೋತರ ಎತ್ತಿ ಕಟ್ಟಿ, ಮಗನ ಕೈ ಹಿಡಿದು, ಚೆಂಡಿನ ಹಿಂದೆ ನಡುಗೆರೆ ದಾಟಿಸುವುದು, ಮತ್ತೆ ಈಚೆ ಕರೆತರುವುದು. ಹತ್ತು ಸಲ ಆಗುವುದರೊಳಗೆ ನನ್ನ ಎಡತೋಳು ಜೋಮು ಹಿಡಿಯಿತು. ಮುರ್ತುಜಸಾಬರು ನನ್ನನ್ನು ಕೂರಿಸಿ ನೀರು ಕುಡಿಸಿದರು. ಆಮೇಲೆ ಮಾಂತುವನ್ನು ಗೋಲ್‌ಕೀಪರ್ ಮಾಡಿದರು. ಆ ಚೌಕದೊಳಗೆ ಅವನು ಹುಲಿ. ಒಂದು ಚೆಂಡೂ ಬಿಡುವುದಿಲ್ಲ, ಒಂದು ಹೆಜ್ಜೆಯೂ ಹೊರಗೆ ಇಡುವುದಿಲ್ಲ. "ಗೆರಿ ಕಾಯಾಕ ಹುಟ್ಯಾನ ನೋಡ್ರಿ ನಿಮ್ಮ ಮಗ!" ಎಂದು ನನ್ನ ಬೆನ್ನು ತಟ್ಟಿದರು. ನಾನು ಹಾಜರಿ ಪುಸ್ತಕದಲ್ಲಿ ಮುಖ ಇಟ್ಟುಕೊಂಡು ಕೂತೆ. ಏಳೇ ಹೆಸರು, ಎಷ್ಟು ಹೊತ್ತು ಅಂತ ಓದುವುದು?

ಇದೇ ಇಪ್ಪತ್ತೆರಡಕ್ಕೆ ಸಾಲಿಯ ಏಳನೆಯ ಇಯತ್ತೆಯ ಹುಡುಗರ ಜೊತೆ ಮ್ಯಾಚ್ ಇಟ್ಟಿದ್ದಾರೆ. ನೀನು ಬರುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ಆಶೀರ್ವಾದಗಳೊಂದಿಗೆ,
ಅಂದಾನಪ್ಪ


ಕುಳಗೇರಿ ಕ್ರಾಸ್
೨೩-೭-೧೯೮೪

ನನ್ನವ್ವಾ ಸಿದ್ದಲಿಂಗೀ,

ಎರಡು ಕಾಗದಕ್ಕೂ ಉತ್ತರ ಬರದವನು ಮೂರನೆಯದನ್ನು ಬರೆಯಬಾರದು. ಆದರೆ ನಿನ್ನೆ ನಡೆದದ್ದನ್ನು ನಿನ್ನ ಹೊರತು ಮತ್ತೆ ಯಾರಿಗೆ ಬರೆಯಲಿ? ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನೆ ಮ್ಯಾಚ್ ಆಯಿತು. ಮಂದಿ ಒಂದೂವರೆ ನೂರರಷ್ಟಿದ್ದರು. ಅರ್ಧ ಜನ ನೋಡಲು ಬಂದವರು, ಅರ್ಧ ಜನ ನಗಲು ಬಂದವರು. ಸಾಲಿಯ ಹುಡುಗರು ಪಾಪ ಚಲೋ ಹುಡುಗರು, ಮೆಲ್ಲಗೆ ಆಡಬೇಕೋ ಜೋರು ಆಡಬೇಕೋ ತಿಳಿಯದೆ ಒದ್ದಾಡಿದರು. ಅಮಸಿದ್ದ ಒಂದು ಗೋಲು ಹೊಡೆದ. ಹೊಡೆದವನೇ ಹೋಗಿ ಎದುರಿನ ಗೋಲ್‌ಕೀಪರನನ್ನು ತಬ್ಬಿಕೊಂಡು ಸಮಾಧಾನ ಹೇಳಿದ. ನಗಲು ಬಂದವರೂ ಆಗ ಚಪ್ಪಾಳೆ ಹೊಡೆದರು. ಮಾಂತು ಆರು ಚೆಂಡು ತಡೆದ. ಏಳನೆಯದು ಅವನ ಕಾಲ ಸಂದಿಯಿಂದ ಒಳಗೆ ಹೋಯಿತು, ಅದಕ್ಕೆ ನಜಮಾ ಚಪ್ಪಾಳೆ ಹೊಡೆದಳು.

ಆಟ ಮುಗಿಯಲು ಸ್ವಲ್ಪ ಹೊತ್ತಿತ್ತು. ಚೆಂಡು ಆ ಕಡೆಯ ಗೋಲಿನ ಹತ್ತಿರ ಹೋಗಿ, ಗೋಲು ಆಯಿತೋ ಇಲ್ಲವೋ ಎಂದು ಅಲ್ಲಿ ಗದ್ದಲ ಎದ್ದಿತು. ಮುರ್ತುಜಸಾಬರೂ ಅಲ್ಲೇ, ಮಂದಿಯ ಕಣ್ಣೂ ಅಲ್ಲೇ. ಈ ಕಡೆ ನಜಮಾ ತಿರುಗಿ ಓಡಲು ಹೋಗಿ ಕಾಲು ಹೊರಳಿ ಬಿದ್ದಳು. ಮಾಂತುವಿನ ಚೌಕದ ಗೆರೆಯಿಂದ ಆಚೆ, ಎಷ್ಟೆಂದರೆ ಐದು ಹೆಜ್ಜೆ. ಕಾಲು ಹಿಡಿದುಕೊಂಡು ಮುಖ ನೆಲಕ್ಕೆ ಹಚ್ಚಿ ಮಲಗಿದ್ದಳು.

ಮಾಂತು ನೋಡಿದ. ಗೋಲಿನ ಕಂಬದ ಹತ್ತಿರ ಮಾಯವ್ವ ಕುಡಿಯಲು ಇಟ್ಟಿದ್ದ ನೀರಿನ ತಂಬಿಗೆ ಎತ್ತಿಕೊಂಡು ಓಡಿ ಬಂದ. ಬಂದವನು ಗೆರೆಯ ಈಚೆಗೇ ಕಾಲ್ಬೆರಳು ಊರಿ ನಿಂತ. ಒಂದು ಕೈಯಲ್ಲಿ ತಂಬಿಗೆ ಹಿಡಿದು, ಇನ್ನೊಂದು ಕೈಯನ್ನು ಮಂದಿಯ ಕಡೆ ಬೀಸತೊಡಗಿದ. "ಅವ್ವಾ! ಅವ್ವಾ!" ಅಂತ ಕೂಗಿದ. ನಾಲ್ಕು ವರ್ಷದಿಂದ ಅವನಿಗೆ ಗಾಬರಿಯಾದರೆ ಬರುವುದು ಅದೊಂದೇ ಮಾತು. ದಂಡೆಯ ಮೇಲೆ ಕೂತ ಯಾರೋ ಒಬ್ಬರು ನಕ್ಕು, "ಏ, ನಮಗ ಟಾಟಾ ಮಾಡಾಕತ್ಯಾನ ನೋಡ್ರಲೇ" ಎಂದು ತಾವೂ ಕೈ ಬೀಸಿದರು. ಪಕ್ಕದವರೂ ಬೀಸಿದರು.

ನಾನು ಓಡಿದೆ, ಸಿದ್ದಲಿಂಗಿ. ಡಾಕ್ಟರು ಬೇಡ ಅಂದದ್ದು ನೆನಪಿತ್ತು, ಓಡಿದೆ. ಹೋಗಿ ಅವನ ಕೈ ಹಿಡಿದು ದಾಟಿಸಬಹುದಿತ್ತು. ಹಿಡಿಯಲಿಲ್ಲ. ಗೆರೆಯ ಮುಂದೆ ಮಂಡಿಯೂರಿ ಕೂತು, ಎರಡೂ ಅಂಗೈಯಿಂದ ಆ ಸುಣ್ಣವನ್ನು ತಿಕ್ಕಿದೆ. ಧೋತರದ ಚುಂಗಿನಿಂದ ಒರೆಸಿದೆ. ಒಂದು ಮಾರು ಗೆರೆ ಮಣ್ಣಾಯಿತು. "ಹೋಗೋ ಮಾಂತು" ಎಂದೆ.

ಅವನು ಹೋಗಲಿಲ್ಲ. ನನ್ನ ಕೈ ನೋಡಿದ. ಬೀಸುತ್ತಿದ್ದ ತನ್ನ ಕೈಯನ್ನು ಇಳಿಸಿ, ಅಂಗೈಯಿಂದ ಎಡಗೆನ್ನೆಯನ್ನು ಪೂರ್ತಿ ಮುಚ್ಚಿಕೊಂಡ. ಕಣ್ಣು ಮುಚ್ಚಿದ. ಆಮೇಲೆ ಕಾಲು ಎತ್ತಿ ಆಚೆ ಇಟ್ಟ.

ಐದು ಹೆಜ್ಜೆಯೂ ಹಾಗೇ ಹೋದ, ಕೆನ್ನೆಯ ಮೇಲಿನ ಕೈ ತೆಗೆಯದೆ. ನಜಮಾಳ ಹತ್ತಿರ ಕೂತು ತಂಬಿಗೆ ಬಾಯಿಗೆ ಹಿಡಿದ. ಅರ್ಧ ಅವಳು ಕುಡಿದಳು, ಅರ್ಧ ಅವಳ ಕೊರಳಿಗೆ ಹೋಯಿತು. ಅವಳು ನಕ್ಕ ಮೇಲೆ ಕೆನ್ನೆಯ ಕೈ ಇಳಿಯಿತು.

ಮುರ್ತುಜಸಾಬರು ಅಷ್ಟೊತ್ತಿಗೆ ಬಂದಿದ್ದರು. ಮಗಳ ಕಾಲು ನೋಡಿದರು, ಮುರಿದಿರಲಿಲ್ಲ. ಆಮೇಲೆ ನನ್ನನ್ನು ನೋಡಿದರು, ಸುಣ್ಣ ಮೆತ್ತಿದ ನನ್ನ ಅಂಗೈಗಳನ್ನು ನೋಡಿದರು.

"ಹುಟ್ಟಾ ಹಂಗ ಅಂದಿದ್ರಲ್ಲ ಯಜಮಾನ್ರ" ಎಂದರು, ಅಷ್ಟೇ. ಮಾತು ನನ್ನ ಬಂಡವಾಳ ಎಂದು ನಿನಗೆ ಗೊತ್ತು. ಕಪ್ಪು-ಬಸಿ ತೊಳೆಯಲು ಬಂದವನು ಮಾತಿನ ಮೇಲೆಯೇ ಹೋಟೆಲು ಎಬ್ಬಿಸಿದೆ. ನಿನ್ನೆ ಮಾಂತುವಿನ ಕೈ ಹಿಡಿದು ಬಸ್ಸು ಹತ್ತಿದೆ.

ಮನೆಗೆ ಬಂದವನೇ ಕುರುಪಿ ತಗೊಂಡು ನಮ್ಮ ಹೊಸ್ತಿಲ ಮುಂದಿನ ಬಿಳಿ ಗೆರೆಯನ್ನು ಕೆರೆದು ತೆಗೆದೆ. ಇವತ್ತು ಮುಂಜಾನೆ ನೋಡಿದರೆ ಮಾಂತು ಅದೇ ಜಾಗದಲ್ಲಿ ನಿಂತಿದ್ದಾನೆ. ಗೆರೆ ಇಲ್ಲ, ಅವನು ನಿಂತಿದ್ದಾನೆ. ನಾನು ಹೊರಗೆ ನಿಂತು ಬಾ ಅನ್ನಲು ಬಾಯಿ ತೆರೆದೆ, ಬೆನ್ನ ಹಿಂದೆ ಹುಬ್ಬಳ್ಳಿ ಕಡೆಯ ಲಾರಿ ಹೋಯಿತು. ಅಲ್ಲೇ ನಿಲ್ಲು ಅನ್ನಲೂ ನಾಲಿಗೆ ಬರಲಿಲ್ಲ. ಅವನು ಒಳಗೆ, ನಾನು ಹೊರಗೆ. ಕೊನೆಗೆ ಅವನೇ ನನಗೆ ಕೈ ಬೀಸಿದ.

ಫಾರ್ಮನ್ನು ಸಹಿ ಇಲ್ಲದೆ ಇದರೊಳಗೆ ಇಟ್ಟು ಕಳಿಸುತ್ತಿದ್ದೇನೆ. ನನ್ನ ನಂತರ ಅವನು ಎಲ್ಲಿರಬೇಕು ಎಂಬುದು ನಿನ್ನ ಮಾತಿನ ಮೇಲೇ ನಿಂತಿದೆ, ಅದನ್ನು ನಾನು ಬದಲಿಸಲಾರೆ. ಆದರೆ ಕೆಳಗಿನ ನಾಲ್ಕು ಸಾಲು ಓದಿದ ಮೇಲೆ ಹೇಳು.

ನೀನೂ ಮಕ್ಕಳೂ ನೂರು ವರ್ಷ ಬಾಳಿರಿ. ನಿನ್ನ ಮನೆಯ ಬಾಗಿಲಿಗೆ ಯಾವ ಗೆರೆಯೂ ಇಲ್ಲದಿರಲಿ.

ನಿನ್ನ ಅಪ್ಪ,
ಅಂದಾನಪ್ಪ

ತಾ.ಕ.: ಮೇಲಿನದನ್ನೆಲ್ಲ ಬರೆದದ್ದು ಇದನ್ನು ಬರೆಯುವ ಧೈರ್ಯ ಬರಲಿ ಅಂತ. ನೀನು ಮದುವೆಯಾಗಿ ಹೋದ ಮರುವರ್ಷ ಮಾಂತು ರಸ್ತೆಗೆ ಓಡಿದ್ದ. ಲಾರಿ ಒಂದು ಮೊಳ ದೂರಕ್ಕೆ ಬಂದು ನಿಂತಿತು. ಮರುದಿನ ಹೊಸ್ತಿಲ ಮುಂದೆ ಆ ಸುಣ್ಣದ ಗೆರೆ ಎಳೆದವನು ನಾನು. ನೀನು ಅದನ್ನು ಅವ್ವ ಶೋಭೆಗೆ ಬಳಿದದ್ದು ಅಂದುಕೊಂಡಿದ್ದಿ. ಅವನು ಅದರ ಮೇಲೆ ಕಾಲಿಟ್ಟಾಗಲೆಲ್ಲ ಎಡಗೆನ್ನೆಗೆ ಹೊಡೆದೆ. ಒಂಬತ್ತು ದಿನ, ಹದಿನೆಂಟು ಏಟು. ಹತ್ತೊಂಬತ್ತನೆಯದು ಬೇಕಾಗಲಿಲ್ಲ. ಚಂದವ್ವ "ಸಾಕ ಮಾಡ್ರಿ" ಎಂದು ನನ್ನ ಕೈ ಹಿಡಿದದ್ದೂ ಉಂಟು. ನಾನು ಗಿರಾಕಿಗಳ ಮುಂದೆ, ಸಾಲಿ ಮಾಸ್ತರರಿಗೂ ಆಗದ್ದನ್ನು ಕಲಿಸಿದೆ ಎಂದು ಹೇಳಿಕೊಂಡು ನಕ್ಕವನು.

ಅವ್ವ ಬಿದ್ದ ದಿನ ನಾನು ಬಾಗಲಕೋಟೆಗೆ ಸಂತೆಗೆ ಹೋಗಿದ್ದೆ. ಅವಳು ಬಿದ್ದದ್ದು ಅಂಗಳದಲ್ಲಿ, ಕಟ್ಟಿಗೆ ಒಟ್ಟಿದ್ದರ ಹಿಂದೆ, ರಸ್ತೆಗೆ ಕಾಣುತ್ತಿರಲಿಲ್ಲ. ಅಡಿಗೆಯ ಕನಕಪ್ಪ ಹೋಟೆಲಿನಿಂದ ನೋಡಿದ್ದು ಮಾಂತುವನ್ನು ಮಾತ್ರ. "ಮುಂಜಾನಿಂದ ಕೈ ಬೀಸಾಕತ್ತಿದ್ದ ಯಜಮಾನ್ರ. ದಿನಾ ಬೀಸ್ತಾನಲ್ಲಾ ಅಂತ ನಾನೂ ಬೀಸಿದ್ನಿ" ಎಂದು ಆಮೇಲೆ ಗೋಡೆಗೆ ತಲೆ ಚಚ್ಚಿಕೊಂಡ. ಒಂದು ತಾಸು ಮೊದಲು ತಂದಿದ್ದರೆ ಎಂದು ಡಾಕ್ಟರು ಅಂದದ್ದನ್ನು ನೀನೂ ಕೇಳಿದ್ದಿ. ನಾಲ್ಕು ವರ್ಷದಿಂದ ನಿನ್ನ ಸಿಟ್ಟಿನ ಮೇಲೆ ತಪ್ಪು ವಿಳಾಸ ಇದೆ, ಸರಿಯಾದ ವಿಳಾಸ ಈ ಕಾಗದದ ಮೇಲ್ತುದಿಗೆ ಬರೆದದ್ದು.

ಯಾರಿಗೂ ಹೇಳದೆ ಉಳಿದದ್ದು ಇನ್ನೊಂದೇ. ಆ ದಿನ ನಾನು ಬಸ್ಸಿಳಿದು ಬಂದಾಗ ಅವನು ಗೆರೆಯ ಈಚೆ, ಹೊಸ್ತಿಲಲ್ಲೇ, ಎರಡೂ ಕೈಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದ. ಬಾಯಿತನಕ ತುಂಬಿದ ತಂಬಿಗೆ, ಒಂದು ಹನಿ ಚೆಲ್ಲಿರಲಿಲ್ಲ. ನನ್ನನ್ನು ಕಂಡ ಕೂಡಲೇ ಎಡಗೆನ್ನೆಯನ್ನು ಹೆಗಲಿಗೆ ಒತ್ತಿ ಮುಚ್ಚಿಕೊಂಡು ಕೇಳಿದ:

"ಅಪ್ಪಾ, ದಾಟ್ಲೇನ?"